‘ನಾನು ಬುಷ್ ಅಲ್ಲ’: ಮತದಾರರಿಗೆ ಸಿಗದ ಉತ್ತರ

2008ರ ಅಕ್ಟೋಬರ್ 15ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಹಾಫ್‌ಸ್ಟ್ರಾ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಮೂರನೆಯ ಹಾಗೂ ಕೊನೆಯ ಚರ್ಚೆ ನಡೆಯಿತು. ಬರಾಕ್ ಒಬಾಮ ಹಿಂದಿನ ಎಂಟು ವರ್ಷಗಳ ಆರ್ಥಿಕ ನೀತಿಯನ್ನು ಮತ್ತೆ ಎತ್ತಿಕೊಂಡಾಗ ಜಾನ್ ಮೆಕೇನ್ ಅವರತ್ತ ತಿರುಗಿದರು. ತಾನು ಅಧ್ಯಕ್ಷ ಬುಷ್ ಅಲ್ಲ, ಬುಷ್ ವಿರುದ್ಧ ಸ್ಪರ್ಧಿಸುವ ಆಸೆಯಿದ್ದರೆ ನಾಲ್ಕು ವರ್ಷದ ಹಿಂದೆಯೇ ನಿಲ್ಲಬೇಕಿತ್ತು ಎಂದರು. ಆ ಇಡೀ ಪ್ರಚಾರದಲ್ಲಿ ಮೆಕೇನ್ ಆಡಿದ ಅತ್ಯಂತ ಚುರುಕಾದ ಮಾತು ಇದು. ಆದರೂ ಮೂರು ವಾರ ತುಂಬುವುದರೊಳಗೆ ಅವರು ಸೋತರು. ಒಬಾಮರಿಗೆ 365, ಮೆಕೇನ್‌ಗೆ 173 ಚುನಾಯಕ ಮತಗಳು ಬಿದ್ದವು.

ಈ ಒಂದು ಮಾತನ್ನು, ಅದರ ಹಿಂದಿದ್ದ ಪ್ರಶ್ನೆಯನ್ನು ತೂಗಿ ನೋಡುವುದು ಈ ಬರಹದ ಉದ್ದೇಶ. ಜನ ಬೇಸತ್ತ ಅಧ್ಯಕ್ಷನೊಬ್ಬ ನಿರ್ಗಮಿಸುತ್ತಿದ್ದಾನೆ, ಅವನದೇ ಪಕ್ಷದ ಇನ್ನೊಬ್ಬ ಮತ ಕೇಳಲು ಬಂದಿದ್ದಾನೆ. ಇವನು ಬಂದರೆ ಹಳೆಯದೇ ಮುಂದುವರಿಯುತ್ತದೆಯೇ? ಮತದಾರರ ಈ ಆತಂಕ ಅಮೆರಿಕದ ರಾಜಕೀಯದಲ್ಲಿ ಮತ್ತೆ ಮತ್ತೆ ಬಂದಿದೆ. ಅಭ್ಯರ್ಥಿಗಳು ಅದಕ್ಕೆ ಉತ್ತರಿಸುವ ಪದ್ಧತಿಯೂ ಒಂದು ರೂಢಿಯಾಗಿ ಬೆಳೆದಿದೆ. ಪ್ರಶ್ನೆ ನ್ಯಾಯವಾದದ್ದು, ಉತ್ತರಿಸುವ ರೂಢಿ ಕೆಟ್ಟದ್ದು, ಮತ್ತು ಆ ಪ್ರಶ್ನೆಯನ್ನು ಒಬ್ಬರಿಗೆ ಮಾತ್ರ ಕೇಳಿ ನಿಲ್ಲಿಸುವ ಮತದಾರರು ತಮ್ಮ ಕೆಲಸವನ್ನು ಅರ್ಧಕ್ಕೇ ಬಿಡುತ್ತಾರೆ ಎಂಬುದು ನನ್ನ ವಾದ.

ಆತಂಕ ಎಲ್ಲಿಂದ ಹುಟ್ಟಿತು ಎಂಬುದನ್ನು ಮೊದಲು ನೋಡೋಣ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ದಿನಗಳಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಅವರಿಗೆ ಶೇ. 90ರಷ್ಟು ಬೆಂಬಲವಿತ್ತು. 2008ರ ಅಕ್ಟೋಬರ್‌ನಲ್ಲಿ ಅದು ಶೇ. 25ಕ್ಕೆ ಕುಸಿದಿತ್ತು. ನಡುವೆ 2003ರ ಮಾರ್ಚ್‌ನಲ್ಲಿ ಇರಾಕ್ ಮೇಲೆ ದಂಡೆತ್ತಿ ಹೋದದ್ದು, ಯುದ್ಧಕ್ಕೆ ಕಾರಣವೆಂದು ಹೇಳಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳು ಅಲ್ಲಿ ಸಿಗದೆ ಹೋದದ್ದು, 2008ರ ಮಾರ್ಚ್ ಹೊತ್ತಿಗೆ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ 4,000 ಮುಟ್ಟಿದ್ದು ಇವೆ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಸರ್ಕಾರ ಕೈಚೆಲ್ಲಿ ಕೂತಂತೆ ಕಂಡದ್ದೂ ಇದೆ. ಕೊನೆಗೆ 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾಯಿತು. ಮನೆ ಸಾಲ, ಉದ್ಯೋಗ, ನಿವೃತ್ತಿಯ ಉಳಿತಾಯ ಎಲ್ಲವೂ ಒಟ್ಟಿಗೆ ಅಲುಗಾಡಿದವು.

ಈ ಸಿಟ್ಟನ್ನು ಬುಷ್ ಮೇಲೆ ತೀರಿಸಿಕೊಳ್ಳಲು ಮತದಾರರಿಗೆ ದಾರಿಯಿರಲಿಲ್ಲ. 1951ರಲ್ಲಿ ಜಾರಿಗೆ ಬಂದ 22ನೆಯ ತಿದ್ದುಪಡಿಯ ಪ್ರಕಾರ ಒಬ್ಬ ವ್ಯಕ್ತಿ ಎರಡು ಬಾರಿಗಿಂತ ಹೆಚ್ಚು ಅಧ್ಯಕ್ಷನಾಗಿ ಆಯ್ಕೆಯಾಗುವಂತಿಲ್ಲ. ಉಪಾಧ್ಯಕ್ಷ ಡಿಕ್ ಚೇನಿ ಕಣಕ್ಕೇ ಇಳಿಯಲಿಲ್ಲ. ಹೀಗೆ ಅಧ್ಯಕ್ಷನೂ ಇಲ್ಲ, ಉಪಾಧ್ಯಕ್ಷನೂ ಇಲ್ಲ ಎಂದಾದಾಗ ಎಂಟು ವರ್ಷದ ಲೆಕ್ಕ ಒಪ್ಪಿಸುವವರು ಯಾರು? ಪಕ್ಷವೇ ಒಪ್ಪಿಸಬೇಕು. ಮುಖ ಬದಲಾದ ಮಾತ್ರಕ್ಕೆ ಹಿಂದಿನದೆಲ್ಲ ಮನ್ನಾ ಆಗುವುದಾದರೆ ಎರಡನೆಯ ಅವಧಿಯ ಯಾವ ಅಧ್ಯಕ್ಷನಿಗೂ, ಅವನ ಪಕ್ಷಕ್ಕೂ ಜನರ ಭಯವೇ ಇರುವುದಿಲ್ಲ. ಆದ್ದರಿಂದ ‘ನೀನೂ ಅವನಂತೆಯೇ ಆಳುತ್ತೀಯಾ’ ಎಂಬ ಪ್ರಶ್ನೆಯನ್ನು ಪೂರ್ವಗ್ರಹ ಎಂದು ತಳ್ಳಿಹಾಕುವುದು ತಪ್ಪು. ಅಧ್ಯಕ್ಷೀಯ ಪದ್ಧತಿಯಲ್ಲಿ ಮತದಾರರ ಕೈಯಲ್ಲಿ ಉಳಿಯುವ ಕೆಲವೇ ಹತಾರಗಳಲ್ಲಿ ಅದೂ ಒಂದು.

ಪ್ರಶ್ನೆ ನ್ಯಾಯವಾದದ್ದು ಎಂದಾದರೆ ಆರೋಪ ನಿಜವಾಗಿತ್ತೇ ಎಂಬುದನ್ನು ಪುರಾವೆಯಿಂದ ನೋಡಬೇಕು. ಮೆಕೇನ್ ವಿಷಯದಲ್ಲಿ ಈ ಪುರಾವೆ ಎರಡು ದಿಕ್ಕಿಗೂ ಎಳೆಯುತ್ತದೆ. 2000ದಲ್ಲಿ ರಿಪಬ್ಲಿಕನ್ ಪಕ್ಷದ ಉಮೇದುವಾರಿಕೆಗಾಗಿ ಅವರು ಬುಷ್ ಎದುರೇ ನಿಂತಿದ್ದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗೆದ್ದು, ಸೌತ್ ಕೆರೊಲಿನಾದಲ್ಲಿ ಅತ್ಯಂತ ಕೊಳಕಾದ ಗುಸುಗುಸು ಪ್ರಚಾರದ ನಡುವೆ ಸೋತರು. 2001ರಲ್ಲಿ ಬುಷ್ ತಂದ ತೆರಿಗೆ ಕಡಿತಕ್ಕೆ ಸೆನೆಟ್‌ನಲ್ಲಿ ವಿರುದ್ಧ ಮತ ಹಾಕಿದ ರಿಪಬ್ಲಿಕನ್ನರು ಇಬ್ಬರೇ. ಅವರಲ್ಲಿ ಮೆಕೇನ್ ಒಬ್ಬರು. 2003ರ ಕಡಿತಕ್ಕೂ ಅವರು ಒಪ್ಪಲಿಲ್ಲ. ಅದೇ ವರ್ಷ ಜೋ ಲೀಬರ್‌ಮನ್ ಜೊತೆ ಸೇರಿ ಹವಾಮಾನ ಬದಲಾವಣೆಯ ಮಸೂದೆ ತಂದರು. ಅದು 43–55 ಮತಗಳಿಂದ ಬಿದ್ದುಹೋಯಿತು. ವಿಯೆಟ್ನಾಂನಲ್ಲಿ ಐದೂವರೆ ವರ್ಷ ಸೆರೆಯಲ್ಲಿದ್ದು ಚಿತ್ರಹಿಂಸೆ ಉಂಡವರು ಅವರು. 2005ರಲ್ಲಿ ಕೈದಿಗಳ ಮೇಲಿನ ಕ್ರೌರ್ಯವನ್ನು ನಿಷೇಧಿಸುವ ತಿದ್ದುಪಡಿಯನ್ನು ಬುಷ್ ಆಡಳಿತದ ವಿರೋಧದ ನಡುವೆಯೂ ಸೆನೆಟ್‌ನಲ್ಲಿ 90–9 ಮತಗಳಿಂದ ಗೆಲ್ಲಿಸಿದರು. ಇರಾಕ್ ಯುದ್ಧವನ್ನು ಬೆಂಬಲಿಸಿದರೂ ಅದನ್ನು ನಡೆಸಿದ ರೀತಿಗಾಗಿ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರನ್ನು ವರ್ಷಗಟ್ಟಲೆ ಟೀಕಿಸಿದರು. ಇಂಥವರನ್ನು ಬುಷ್ ಅವರ ಪಡಿಯಚ್ಚು ಎನ್ನುವುದು ಸುಲಭವಲ್ಲ.

ಆದರೆ ಎರಡನೆಯ ಬಾರಿ ಉಮೇದುವಾರಿಕೆಗೆ ಹೊರಟ ಮೆಕೇನ್ ಇದೇ ಭಿನ್ನತೆಗಳನ್ನು ಒಂದೊಂದಾಗಿ ಕೆಳಗಿಡುತ್ತಾ ಹೋದರು. ತಾವು ವಿರೋಧಿಸಿದ್ದ ತೆರಿಗೆ ಕಡಿತದ ವಿಸ್ತರಣೆಗೆ 2006ರಲ್ಲಿ ಮತ ಹಾಕಿದರು, 2008ರಲ್ಲಿ ಅದನ್ನು ಕಾಯಂ ಮಾಡುವ ಭರವಸೆ ಕೊಟ್ಟರು. ವಲಸೆ ಸುಧಾರಣೆಗೆ ಎಡ್ವರ್ಡ್ ಕೆನಡಿ ಜೊತೆ ಸೇರಿ ದುಡಿದವರು, 2008ರ ಜನವರಿಯ ಚರ್ಚೆಯೊಂದರಲ್ಲಿ ಅದೇ ಮಸೂದೆ ಈಗ ಮತಕ್ಕೆ ಬಂದರೆ ಬೆಂಬಲಿಸುವುದಿಲ್ಲ ಎಂದುಬಿಟ್ಟರು. ಸಿಐಎ ವಿಚಾರಣೆಗಳು ಸೇನೆಯ ಕೈಪಿಡಿಯ ಮಿತಿಯೊಳಗೇ ನಡೆಯಬೇಕೆಂಬ ಮಸೂದೆ ಅದೇ ವರ್ಷದ ಫೆಬ್ರುವರಿಯಲ್ಲಿ ಬಂದಾಗ ವಿರುದ್ಧ ಮತ ಹಾಕಿದರು. ಮುಂದಿನ ತಿಂಗಳು ಬುಷ್ ಅದಕ್ಕೆ ವೀಟೊ ಹಾಕಿದರು. ಚಿತ್ರಹಿಂಸೆಯನ್ನು ಕಾನೂನು ಈಗಾಗಲೇ ನಿಷೇಧಿಸಿದೆ, ಗುಪ್ತಚರ ಸಂಸ್ಥೆಯನ್ನು ಸೇನಾ ಕೈಪಿಡಿಗೆ ಕಟ್ಟಿಹಾಕಬಾರದು ಎಂಬುದು ಅವರ ಸಮರ್ಥನೆ. ಅದರಲ್ಲಿ ತರ್ಕ ಇಲ್ಲವೆಂದು ಹೇಳಲಾರೆ. ಆದರೆ ಹೊರಗಿನಿಂದ ನೋಡುವ ಮತದಾರರಿಗೆ ಕಂಡದ್ದು ಒಂದೇ: ಬುಷ್‌ಗೂ ಇವರಿಗೂ ನಡುವೆ ಇದ್ದ ದೂರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಯಾಕೆ ಹೀಗಾಯಿತು ಎಂಬುದು ಗುಟ್ಟೇನಲ್ಲ. ದೇಶ ಬುಷ್‌ರನ್ನು ತಿರಸ್ಕರಿಸಿದ್ದರೂ ರಿಪಬ್ಲಿಕನ್ ಕಾರ್ಯಕರ್ತರಲ್ಲಿ ಹೆಚ್ಚಿನವರು ಇನ್ನೂ ಅವರ ಜೊತೆಗಿದ್ದರು. ಉಮೇದುವಾರಿಕೆ ಕೊಡುವವರು ಅವರು. ಅಧ್ಯಕ್ಷ ಪದವಿ ಕೊಡುವವರು ಬೇರೆಯವರು. ಮೊದಲನೆಯವರಿಗೆ ನಿಷ್ಠೆ ಬೇಕು, ಎರಡನೆಯವರಿಗೆ ಬದಲಾವಣೆ ಬೇಕು. ಈ ಇಕ್ಕಟ್ಟನ್ನು ಮೆಕೇನ್ ಒಬ್ಬರೇ ಸೃಷ್ಟಿಸಿಕೊಂಡದ್ದಲ್ಲ. ಜನಪ್ರಿಯತೆ ಕಳೆದುಕೊಂಡ ಅಧ್ಯಕ್ಷನ ಪಕ್ಷದಿಂದ ನಿಲ್ಲುವ ಯಾರಿಗೂ ಅದು ತಪ್ಪದು. ಆದರೆ ಇಕ್ಕಟ್ಟಿನಲ್ಲಿ ಯಾವುದನ್ನು ಬಿಟ್ಟುಕೊಟ್ಟರು ಎಂಬುದಕ್ಕೆ ಅಭ್ಯರ್ಥಿ ತಾನೇ ಹೊಣೆ.

ಬಿಟ್ಟುಕೊಟ್ಟ ನೀತಿಯ ಜಾಗಕ್ಕೆ ಅವರು ತಂದದ್ದು ಬರಿಯ ಹಾವಭಾವ. ಮಾರ್ಚ್ 5ರಂದು ಶ್ವೇತಭವನದ ಗುಲಾಬಿ ತೋಟದಲ್ಲಿ ಬುಷ್ ಪಕ್ಕ ನಿಂತು ಅವರ ಬೆಂಬಲ ಪಡೆದರು. ಆಮೇಲೆ ಇಬ್ಬರೂ ಒಟ್ಟಿಗೆ ಕ್ಯಾಮೆರಾ ಮುಂದೆ ಕಾಣಿಸಿಕೊಳ್ಳುವುದೇ ಅಪರೂಪವಾಯಿತು. ಸೆಪ್ಟೆಂಬರ್‌ನಲ್ಲಿ ಸೇಂಟ್ ಪಾಲ್‌ನಲ್ಲಿ ಪಕ್ಷದ ಸಮಾವೇಶ ನಡೆದಾಗ ಗುಸ್ತಾವ್ ಚಂಡಮಾರುತದ ಕಾರಣದಿಂದ ಮೊದಲ ದಿನದ ಕಾರ್ಯಕ್ರಮ ಮೊಟಕಾಯಿತು. ಬುಷ್ ಮರುದಿನ ಉಪಗ್ರಹ ಸಂಪರ್ಕದ ಮೂಲಕ ಪರದೆಯ ಮೇಲಷ್ಟೇ ಮಾತಾಡಿದರು. ಎದುರಾಳಿಗಳೂ ಇದೇ ಭಾಷೆಯಲ್ಲಿ ಉತ್ತರ ಕೊಟ್ಟರು. 2004ರ ಪ್ರಚಾರದಲ್ಲಿ ಮೆಕೇನ್ ಬುಷ್‌ರನ್ನು ಅಪ್ಪಿಕೊಂಡ ಚಿತ್ರ, ಕತ್ರಿನಾ ಅಪ್ಪಳಿಸಿದ ದಿನವೇ ಅರಿಜೋನಾದ ವಿಮಾನ ನೆಲೆಯಲ್ಲಿ ಇಬ್ಬರೂ ಮೆಕೇನ್ ಹುಟ್ಟುಹಬ್ಬದ ಕೇಕ್ ಹಿಡಿದು ನಿಂತ ಚಿತ್ರ ಎಲ್ಲೆಡೆ ಓಡಾಡಿದವು. ಒಂದು ಪಕ್ಷ ಚಿತ್ರವನ್ನು ಮರೆಮಾಡುತ್ತದೆ, ಇನ್ನೊಂದು ಪಕ್ಷ ಅದನ್ನೇ ಎತ್ತಿ ಹಿಡಿಯುತ್ತದೆ. ಇಬ್ಬರು ಎಷ್ಟು ಹತ್ತಿರ ನಿಂತಿದ್ದರು ಎಂಬುದರಿಂದ ತೆರಿಗೆಯ ದರವೂ ತಿಳಿಯುವುದಿಲ್ಲ, ಯುದ್ಧ ಯಾವಾಗ ಮುಗಿಯುತ್ತದೆ ಎಂಬುದೂ ತಿಳಿಯುವುದಿಲ್ಲ.

ಇನ್ನು ಒಬಾಮ ಪಾಳೆಯದ ಆರೋಪವನ್ನು ನೋಡೋಣ. ಆಗಸ್ಟ್ 28ರಂದು ಡೆನ್ವರ್‌ನಲ್ಲಿ ಉಮೇದುವಾರಿಕೆ ಒಪ್ಪಿಕೊಂಡ ಭಾಷಣದಲ್ಲಿ, ಮೆಕೇನ್ ಶೇ. 90ರಷ್ಟು ಸಲ ಬುಷ್ ಪರ ಮತ ಹಾಕಿದ್ದಾರೆ ಎಂಬ ಅಂಕಿಯನ್ನು ಒಬಾಮ ಮುಂದಿಟ್ಟರು. ಸಂಸತ್ತಿನ ಮತಗಳ ಲೆಕ್ಕ ಇಡುವ ‘ಕಾಂಗ್ರೆಷನಲ್ ಕ್ವಾರ್ಟರ್ಲಿ’ ಪತ್ರಿಕೆಯಿಂದ ಬಂದ ಅಂಕಿ ಅದು, ಸುಳ್ಳಲ್ಲ. ಆದರೆ ಅಳತೆಗೋಲಾಗಿ ಅದು ದುರ್ಬಲ. ಅಧ್ಯಕ್ಷರು ನಿಲುವು ತಳೆದ ಪ್ರತಿ ಮತವೂ, ನೇಮಕಾತಿಗಳ ಒಪ್ಪಿಗೆಯಂಥವು ಕೂಡ, ಅದರಲ್ಲಿ ಸಮನಾಗಿ ಎಣಿಕೆಯಾಗುತ್ತದೆ. ಚಿತ್ರಹಿಂಸೆಯನ್ನು ನಿಷೇಧಿಸುವ ಒಂದು ಮತಕ್ಕೂ ಯಾವುದೋ ರಾಯಭಾರಿಯ ನೇಮಕದ ಮತಕ್ಕೂ ಅಲ್ಲಿ ಒಂದೇ ಬೆಲೆ. ಅಲ್ಲದೆ ಅದು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ: 2005ರಲ್ಲಿ ಶೇ. 77, 2007ರಲ್ಲಿ ಶೇ. 95. ಸರಾಸರಿಗಿಂತ ಈ ಏರಿಕೆಯೇ ಹೆಚ್ಚು ಹೇಳುತ್ತದೆ. ಜನರ ಮುಂದೆ ಇಡಬೇಕಾಗಿದ್ದ ಪುರಾವೆ ಅದು. ಜಾಹೀರಾತಿಗೆ ದುಂಡಗಿನ ಸಂಖ್ಯೆಯೇ ರುಚಿಸಿತು.

ಆರೋಪ ಅನ್ಯಾಯದ ಗೆರೆ ದಾಟಿದ್ದೂ ಉಂಟು. 2008ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಸಭೆಯಲ್ಲಿ, ಇರಾಕಿನಲ್ಲಿ ಸೈನಿಕರು ನೂರು ವರ್ಷ ಇದ್ದರೂ ತನಗೆ ಅಡ್ಡಿಯಿಲ್ಲ ಎಂಬರ್ಥದ ಮಾತನ್ನು ಮೆಕೇನ್ ಆಡಿದ್ದರು. ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಇರುವಂತೆ, ಅಮೆರಿಕನ್ನರು ಸಾಯದೆ ಗಾಯಗೊಳ್ಳದೆ ಇರುವುದಾದರೆ ಎಂಬ ಶರತ್ತು ಅದೇ ಮಾತಿನಲ್ಲಿತ್ತು. ಶರತ್ತನ್ನು ಕತ್ತರಿಸಿ ನೂರು ವರ್ಷದ ಯುದ್ಧ ಎಂದು ಹಬ್ಬಿಸಲಾಯಿತು. 2007ರ ಜನವರಿಯಲ್ಲಿ ಬುಷ್ ಇರಾಕಿಗೆ ಹೆಚ್ಚುವರಿ ಪಡೆ ಕಳಿಸಿದಾಗ ಅದನ್ನು ಮೆಕೇನ್ ನಂಬಿಕೆಯಿಂದಲೇ ಬೆಂಬಲಿಸಿದ್ದರು; ಯುದ್ಧ ಸೋಲುವುದಕ್ಕಿಂತ ಚುನಾವಣೆ ಸೋಲುವುದೇ ವಾಸಿ ಎಂದು ಬಹಿರಂಗವಾಗಿ ಹೇಳಿದ್ದರು. ಆ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೆ ಏನನ್ನು ಮುಂದುವರಿಸುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ ಅಭ್ಯರ್ಥಿಯ ಮಾತನ್ನು ತಿರುಚಿದರೆ ಮುಂದಿನವರು ಮುಚ್ಚಿಡುವುದನ್ನೇ ಕಲಿಯುತ್ತಾರೆ.

ಈ ಹಿನ್ನೆಲೆಯಲ್ಲಿ ಹಾಫ್‌ಸ್ಟ್ರಾದ ಆ ಮಾತುಕತೆಯನ್ನು ಓದಿದರೆ ಅದರ ಬಲ, ದೌರ್ಬಲ್ಯ ಎರಡೂ ಸ್ಪಷ್ಟವಾಗುತ್ತವೆ. ‘ನಾನು ಬುಷ್ ಅಲ್ಲ’ ಎಂಬ ಮಾತಿಗೆ ಒಬಾಮ ಕೊಟ್ಟ ಮರುತ್ತರ ಅವರ ಜಾಹೀರಾತುಗಳಿಗಿಂತ ಎಷ್ಟೋ ಪ್ರಾಮಾಣಿಕವಾಗಿತ್ತು. ಚಿತ್ರಹಿಂಸೆಯಂಥ ವಿಷಯಗಳಲ್ಲಿ ಮೆಕೇನ್ ತೋರಿದ ಸ್ವತಂತ್ರ ಬುದ್ಧಿಯನ್ನು ಅವರು ತುಂಬು ಮನಸ್ಸಿನಿಂದ ಒಪ್ಪಿಕೊಂಡರು. ಆದರೆ ತೆರಿಗೆ, ಇಂಧನ, ಸರ್ಕಾರಿ ವೆಚ್ಚದ ಆದ್ಯತೆ ಈ ಮೂರರಲ್ಲಿ ನೀವು ಬುಷ್ ಅವರ ಗಟ್ಟಿ ಬೆಂಬಲಿಗರೇ ಆಗಿದ್ದಿರಿ ಎಂದರು. ಆರೋಪವನ್ನು ಹೀಗೆ ಹೊರಿಸಬೇಕು: ಎಲ್ಲಿ ಒಂದೇ, ಎಲ್ಲಿ ಬೇರೆ ಎಂದು ಗೆರೆ ಎಳೆದು. ಮೆಕೇನ್ ಕೂಡ ಸುಮ್ಮನಿರಲಿಲ್ಲ. ಹವಾಮಾನ, ಚಿತ್ರಹಿಂಸೆ, ಇರಾಕ್ ಯುದ್ಧ ನಡೆಸಿದ ರೀತಿ, ಔಷಧ ಕಂಪನಿಗಳ ಜೊತೆಗಿನ ಜಗಳ, ದುಂದುವೆಚ್ಚ ಎಂದು ತಮ್ಮ ಭಿನ್ನಮತಗಳ ಪಟ್ಟಿಯನ್ನೇ ಓದಿದರು. ಪಟ್ಟಿಯ ಬಹುಭಾಗ ನಿಜ. ಆದರೆ ಎಲ್ಲವೂ ಕಳೆದುಹೋದ ಕಾಲದ್ದು. ಹಿಂದೆ ನಾನು ವಿರೋಧಿಸಿದ್ದೆ ಎಂಬುದು ಶೌರ್ಯದ ದಾಖಲೆಯಾಗುತ್ತದೆ. ನಾಳೆ ಏನು ಬದಲಿಸುತ್ತೇನೆ ಎಂಬ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಮತ್ತು ಆ ತಿಂಗಳು ಜನರ ನಿದ್ದೆಗೆಡಿಸಿದ್ದು ಮನೆ, ಕೆಲಸ, ಬ್ಯಾಂಕು. ಆ ವಿಷಯದಲ್ಲಿ ದುಂದುವೆಚ್ಚದ ಮಾತೊಂದನ್ನು ಬಿಟ್ಟರೆ ಬುಷ್‌ಗಿಂತ ಬೇರೆಯಾದ ದಾರಿ ಅವರ ಪಟ್ಟಿಯಲ್ಲಿ ಇರಲಿಲ್ಲ. ಲೇಮನ್ ಬಿದ್ದ ದಿನವೇ ಅರ್ಥವ್ಯವಸ್ಥೆಯ ಬುನಾದಿ ಗಟ್ಟಿಯಾಗಿದೆ ಎಂದು ಫ್ಲಾರಿಡಾದಲ್ಲಿ ಹೇಳಿದ್ದವರು ಅವರು.

ಮತದಾನದ ದಿನದ ಮತಗಟ್ಟೆ ಸಮೀಕ್ಷೆ ಇದಕ್ಕೆ ಸಾಕ್ಷಿ. ಮತ ಹಾಕಿ ಬಂದವರಲ್ಲಿ ಹತ್ತಕ್ಕೆ ಏಳು ಜನ ಬುಷ್ ಆಡಳಿತವನ್ನು ಒಪ್ಪದವರು. ಮೆಕೇನ್ ಬುಷ್ ನೀತಿಗಳನ್ನೇ ಮುಂದುವರಿಸುತ್ತಾರೆ ಎಂದವರು ಅರ್ಧದ ಹತ್ತಿರ ಹತ್ತಿರ. ಬೇರೆ ದಾರಿ ಹಿಡಿಯುತ್ತಾರೆ ಎಂದವರೂ ಅಷ್ಟೇ. ಮೊದಲ ಗುಂಪಿನ ಹತ್ತರಲ್ಲಿ ಒಂಬತ್ತು ಮಂದಿ ಒಬಾಮರಿಗೆ ಮತ ಹಾಕಿದ್ದರು, ಎರಡನೆಯ ಗುಂಪಿನ ಬಹುಪಾಲು ಮೆಕೇನ್‌ಗೆ. ಇದನ್ನು ಎಚ್ಚರದಿಂದ ಓದಬೇಕು. ಒಬಾಮರನ್ನು ಮೊದಲೇ ಆಯ್ದುಕೊಂಡವರು ಮೆಕೇನ್ ಬಗ್ಗೆ ಹೀಗೆ ಹೇಳುವುದು ಸಹಜ. ನಂಬಿಕೆಯಿಂದ ಮತ ಹುಟ್ಟಿತೋ, ಮತದಿಂದ ನಂಬಿಕೆ ಹುಟ್ಟಿತೋ ಸಮೀಕ್ಷೆ ಹೇಳಲಾರದು. ಆದರೂ ದೇಶ ಯಾವ ಗೆರೆಯ ಮೇಲೆ ಇಬ್ಭಾಗವಾಗಿತ್ತು ಎಂಬುದು ಅದರಿಂದ ಕಾಣುತ್ತದೆ.

ಹೋಲಿಕೆಗೆ 2008ರಿಂದ 40 ವರ್ಷ ಹಿಂದೆ ಹೋಗೋಣ. 1968ರ ಮಾರ್ಚ್ 31ರಂದು ಲಿಂಡನ್ ಜಾನ್ಸನ್ ತಾವು ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಘೋಷಿಸಿದರು. ವಿಯೆಟ್ನಾಂ ಯುದ್ಧ ಅವರ ಅಧ್ಯಕ್ಷಗಿರಿಯನ್ನು ತಿಂದುಹಾಕಿತ್ತು. ಅವರ ಜಾಗಕ್ಕೆ ಬಂದವರು ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ. ಆಗಸ್ಟ್‌ನಲ್ಲಿ ಶಿಕಾಗೊದಲ್ಲಿ ನಡೆದ ಡೆಮಾಕ್ರಟಿಕ್ ಸಮಾವೇಶದಲ್ಲಿ ಶಾಂತಿಯ ಗೊತ್ತುವಳಿ ಬಿದ್ದುಹೋಯಿತು. ಹೊರಗೆ ಬೀದಿಯಲ್ಲಿ ಪೊಲೀಸರು ಯುವಕರನ್ನು ಬಡಿಯುತ್ತಿದ್ದರು. ಹಂಫ್ರಿ ಹೋದಲ್ಲೆಲ್ಲ ಯುದ್ಧವಿರೋಧಿಗಳ ಕೂಗು ಅವರ ಮಾತನ್ನು ಮುಳುಗಿಸಿತು. ಸೆಪ್ಟೆಂಬರ್ ಕೊನೆಯ ಗ್ಯಾಲಪ್ ಸಮೀಕ್ಷೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಿಚರ್ಡ್ ನಿಕ್ಸನ್‌ಗೆ ಶೇ. 43, ಹಂಫ್ರಿಗೆ ಶೇ. 28 ಇತ್ತು.

ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಿಂದ ಹಂಫ್ರಿ ಟಿವಿಯಲ್ಲಿ ಮಾತಾಡಿದರು. ಭಾಷಣ ಪೀಠದ ಮೇಲೆ ಉಪಾಧ್ಯಕ್ಷರ ಮುದ್ರೆ ಇರಲಿಲ್ಲ. ತಾನು ಜಾನ್ಸನ್ ಅಲ್ಲ ಎಂದು ಅವರು ಸಾರಲಿಲ್ಲ, ಜಾನ್ಸನ್‌ರನ್ನು ದೂರಲೂ ಇಲ್ಲ. ಶಾಂತಿಗಾಗಿ ಒಪ್ಪಿಕೊಳ್ಳಬಹುದಾದ ಅಪಾಯವೆಂದು ತಿಳಿದು ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ನಿಲ್ಲಿಸುತ್ತೇನೆ ಎಂದರು. ಅದಕ್ಕೂ ಶರತ್ತುಗಳಿದ್ದವು, ಇಂದು ಓದಿದರೆ ಬಹಳ ಅಳೆದು ತೂಗಿದ ಮಾತು ಎನಿಸುತ್ತದೆ. ಆದರೂ ಮೆಕೇನ್ ಉತ್ತರದಲ್ಲಿ ಇಲ್ಲದ ಒಂದು ವಸ್ತು ಇದರಲ್ಲಿತ್ತು: ಅಧಿಕಾರಕ್ಕೆ ಬಂದ ಮೇಲೆ ಮಾಡುವ ಒಂದು ಕೆಲಸ. ಜನ ಅದನ್ನು ಗುರುತಿಸಿದರು. ಕೂಗು ಇಳಿಯಿತು, ಹಣ ಬರತೊಡಗಿತು, ಅಂತರ ಕರಗುತ್ತಾ ಹೋಯಿತು. ಅಕ್ಟೋಬರ್ 31ರಂದು ಜಾನ್ಸನ್ ತಾವೇ ಬಾಂಬ್ ದಾಳಿ ನಿಲ್ಲಿಸಿದರು. ನವೆಂಬರ್ 5ರಂದು ನಿಕ್ಸನ್‌ಗೆ ಶೇ. 43.4, ಹಂಫ್ರಿಗೆ ಶೇ. 42.7 ಮತ. ಸುಮಾರು 5 ಲಕ್ಷ ಮತಗಳ ಸೋಲು.

ಹಂಫ್ರಿಯವರ ತಪ್ಪು ತಡಮಾಡಿದ್ದು. 1965ರ ಫೆಬ್ರುವರಿಯಲ್ಲೇ ಅವರು ಯುದ್ಧವನ್ನು ಹಿಗ್ಗಿಸಬಾರದೆಂದು ಜಾನ್ಸನ್‌ಗೆ ಖಾಸಗಿಯಾಗಿ ಬರೆದುಕೊಟ್ಟಿದ್ದರು. ಅದಕ್ಕಾಗಿ ವಿಯೆಟ್ನಾಂ ಕುರಿತ ಸಮಾಲೋಚನೆಗಳಿಂದ ಅವರನ್ನು ದೂರ ಇಡಲಾಯಿತು. ಆಮೇಲೆ ಅವರು ಯುದ್ಧದ ಸಮರ್ಥಕರಾದರು. ಭಿನ್ನಮತ ಇತ್ತು, ಆದರೆ ಬೀಗ ಹಾಕಿದ ಕಪಾಟಿನೊಳಗೆ ಇತ್ತು. ಮತದಾರರಿಗೆ ಕಾಣದ ಭಿನ್ನಮತದಿಂದ ಮತದಾರರಿಗೆ ಪ್ರಯೋಜನವಿಲ್ಲ.

2024ರಲ್ಲಿ ಇದೇ ಪಾಠ ಮತ್ತೆ ಎದುರಾಯಿತು. ಜುಲೈ 21ರಂದು ಅಧ್ಯಕ್ಷ ಜೋ ಬೈಡನ್ ಸ್ಪರ್ಧೆಯಿಂದ ಹಿಂದೆ ಸರಿದರು, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅಭ್ಯರ್ಥಿಯಾದರು. 2022ರ ಜೂನ್‌ನಲ್ಲಿ ಶೇ. 9.1ಕ್ಕೆ ಏರಿದ್ದ ಹಣದುಬ್ಬರ ಆಮೇಲೆ ಇಳಿದಿದ್ದರೂ ಏರಿದ ಬೆಲೆಗಳು ಕೆಳಗೆ ಬಂದಿರಲಿಲ್ಲ. ಅಕ್ಟೋಬರ್ 8ರಂದು ‘ದ ವ್ಯೂ’ ಎಂಬ ಟಿವಿ ಕಾರ್ಯಕ್ರಮದಲ್ಲಿ, ಬೈಡನ್‌ಗಿಂತ ಬೇರೆಯಾಗಿ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ತನಗೇನೂ ಹೊಳೆಯುತ್ತಿಲ್ಲ ಎಂದರು. ಎಂಟು ದಿನಗಳ ನಂತರ ಫಾಕ್ಸ್ ವಾಹಿನಿಯಲ್ಲಿ, ತನ್ನ ಆಡಳಿತ ಬೈಡನ್ ಆಡಳಿತದ ಮುಂದುವರಿಕೆ ಆಗಿರುವುದಿಲ್ಲ ಎಂದರು. ಎರಡು ಉತ್ತರಗಳ ನಡುವೆ ಮತದಾರರ ಕೈಗೆ ಹಿಡಿತಕ್ಕೆ ಸಿಗುವಂಥದ್ದು ಏನೂ ಇರಲಿಲ್ಲ. ನಿಜವಾದ ಭಿನ್ನತೆ ಇರಲಿಲ್ಲವೆಂದಲ್ಲ. 10 ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯವಿರುವವರ ಬಂಡವಾಳ ಲಾಭಕ್ಕೆ ಬೈಡನ್ ಸೂಚಿಸಿದ್ದ ಶೇ. 39.6 ತೆರಿಗೆಯ ಬದಲು ಶೇ. 28 ಸಾಕು ಎಂದು ಅವರು ಸೆಪ್ಟೆಂಬರ್‌ನಲ್ಲೇ ಹೇಳಿದ್ದರು. ಮೊದಲ ಮನೆ ಕೊಳ್ಳುವವರಿಗೆ 25,000 ಡಾಲರ್ ನೆರವಿನ ಯೋಜನೆಯನ್ನೂ ಮುಂದಿಟ್ಟಿದ್ದರು. ಸರಿಯಾದ ಹೊತ್ತಿನಲ್ಲಿ ಅದು ನಾಲಿಗೆಗೆ ಬರಲಿಲ್ಲ. ತನ್ನನ್ನು ಆರಿಸಿದ ಅಧ್ಯಕ್ಷನಿಗೆ ನಿಷ್ಠೆ ತೋರಿಸುವುದು ಉಪಾಧ್ಯಕ್ಷರ ಮರ್ಯಾದೆಯೇ ಹೌದು. ಆದರೆ ಚುನಾವಣೆಗೆ ನಿಂತ ದಿನದಿಂದ ಅಭ್ಯರ್ಥಿಯ ಮೊದಲ ಋಣ ಮತದಾರರದು.

ಇಲ್ಲಿಯವರೆಗೆ ಉತ್ತರಿಸುವವರ ಕೊರತೆಯನ್ನು ನೋಡಿದೆವು. ಪ್ರಶ್ನಿಸುವವರ ಕೊರತೆ ಅದಕ್ಕಿಂತ ದೊಡ್ಡದು. ಹಳೆಯದು ಮುಂದುವರಿಯುತ್ತದೆಯೇ ಎಂಬ ಪ್ರಶ್ನೆಯನ್ನು ಆಡಳಿತ ಪಕ್ಷದ ಅಭ್ಯರ್ಥಿಗೆ ಕೇಳುತ್ತೇವೆ. ಎದುರಾಳಿಗೆ ಕೇಳುವುದೇ ಇಲ್ಲ, ಎದುರು ನಿಂತಿದ್ದಾನೆ ಎಂಬುದೇ ಸಾಕು ಎಂದುಕೊಳ್ಳುತ್ತೇವೆ. 1968ರಲ್ಲಿ ಯುದ್ಧದ ಮುಂದುವರಿಕೆಗೆ ಹೆದರಿ ಹಂಫ್ರಿಯಿಂದ ದೂರ ಸರಿದವರಿಗೆ ಸಿಕ್ಕಿದ್ದೇನು? ಗೌರವಯುತ ಶಾಂತಿಯ ಮಾತಾಡಿದ ನಿಕ್ಸನ್ ಅದರ ವಿವರವನ್ನು ಬಿಚ್ಚಿಡಲಿಲ್ಲ. ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1973ರ ಜನವರಿಯಲ್ಲಿ. ಅಷ್ಟರಲ್ಲಿ ಇನ್ನೂ 20,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರು, ಅದರ ಎಷ್ಟೋ ಪಟ್ಟು ವಿಯೆಟ್ನಾಮೀಯರು ಸತ್ತಿದ್ದರು.

ಒಬಾಮ ವಿಷಯದಲ್ಲೂ ಇದು ನಡೆಯಿತು. ಬುಷ್ ಆಡಳಿತದ ಗೂಢ ಕಣ್ಗಾವಲಿಗೆ ಕಾನೂನಿನ ರೂಪ ಕೊಟ್ಟ ಮಸೂದೆಗೆ ಅವರು 2008ರ ಜುಲೈನಲ್ಲೇ ಮತ ಹಾಕಿದ್ದರು. ಬ್ಯಾಂಕುಗಳ ರಕ್ಷಣೆಗೆ ಬುಷ್ ಕೇಳಿದ 70,000 ಕೋಟಿ ಡಾಲರ್‌ಗೆ ಅಕ್ಟೋಬರ್ 1ರಂದು ಒಬಾಮ, ಮೆಕೇನ್ ಇಬ್ಬರೂ ಒಪ್ಪಿಗೆ ಕೊಟ್ಟರು. ಗೆದ್ದ ಮೇಲೆ ಬುಷ್ ನೇಮಿಸಿದ್ದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಅವರನ್ನೇ 2011ರವರೆಗೆ ಉಳಿಸಿಕೊಂಡರು. ಇರಾಕಿನಿಂದ ಸೇನೆ ಹೊರಬಂದದ್ದು 2011ರ ಕೊನೆಗೆ, ಬುಷ್ ಆಡಳಿತ 2008ರಲ್ಲಿ ಇರಾಕ್ ಜೊತೆ ಮಾಡಿಕೊಂಡ ಒಪ್ಪಂದದ ಗಡುವಿಗೆ ಸರಿಯಾಗಿ. ಒಂದು ವರ್ಷದೊಳಗೆ ಮುಚ್ಚುತ್ತೇನೆಂದು 2009ರ ಜನವರಿಯಲ್ಲಿ ಆದೇಶ ಹೊರಡಿಸಿದ ಗ್ವಾಂಟನಾಮೊ ಸೆರೆಮನೆ ಮುಚ್ಚಲಿಲ್ಲ. ಪಾಕಿಸ್ತಾನದಲ್ಲಿ ಡ್ರೋನ್ ದಾಳಿಗಳು ಕಡಿಮೆಯಾಗುವ ಬದಲು ಹೆಚ್ಚಿದವು. ಶ್ರೀಮಂತರಿಗೆ ಕೊನೆಗೊಳಿಸುತ್ತೇನೆಂದ ಬುಷ್ ತೆರಿಗೆ ಕಡಿತವನ್ನು 2010ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಎರಡು ವರ್ಷ ವಿಸ್ತರಿಸಿದರು. ಇವುಗಳಲ್ಲಿ ಕೆಲವು ಸಂಸತ್ತಿನ ಅಡ್ಡಗಾಲಿನಿಂದ ಆದವು, ಕೆಲವು ಅವರೇ ಆಯ್ದುಕೊಂಡವು. ಒಬಾಮ ಮತ್ತು ಬುಷ್ ಒಂದೇ ಎನ್ನುವುದು ಸುಳ್ಳು. ಚಿತ್ರಹಿಂಸೆಯನ್ನು ಕೊನೆಗಾಣಿಸಿದ ಆದೇಶವೂ, ಆರೋಗ್ಯ ವಿಮೆಯ ಕಾನೂನೂ ಅದಕ್ಕೆ ಸಾಕ್ಷಿ. ಆದರೆ ಪ್ರಶ್ನೆಯನ್ನು ಅವರಿಗೂ ಅಷ್ಟೇ ಗಟ್ಟಿಯಾಗಿ ಕೇಳಿದ್ದರೆ ಕಣ್ಗಾವಲು, ಡ್ರೋನ್‌ಗಳ ಬಗ್ಗೆ ಅಮೆರಿಕನ್ನರಿಗೆ 2008ರಲ್ಲೇ ಉತ್ತರ ಸಿಗುತ್ತಿತ್ತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಜನಪ್ರಿಯತೆ ಕಳೆದುಕೊಂಡ ಅಧ್ಯಕ್ಷನ ಪ್ರತಿಯೊಂದು ನೀತಿಯೂ ಕೆಟ್ಟದ್ದಲ್ಲ. 2003ರಲ್ಲಿ ಬುಷ್ ಆರಂಭಿಸಿದ, ಆಫ್ರಿಕಾಕ್ಕೆ ಏಡ್ಸ್ ಔಷಧ ಒದಗಿಸುವ ಯೋಜನೆ ಲಕ್ಷಾಂತರ ಜೀವ ಉಳಿಸಿದೆ. ಅದನ್ನು ಒಬಾಮ ಮುಂದುವರಿಸಿದ್ದು ಅವರ ಒಳ್ಳೆಯ ನಿರ್ಧಾರಗಳಲ್ಲಿ ಒಂದು. 2007ರಲ್ಲಿ ಬಿದ್ದುಹೋದ ವಲಸೆ ಸುಧಾರಣೆಯಲ್ಲಿ ಬುಷ್ ತಮ್ಮ ಪಕ್ಷದವರಿಗಿಂತ ಹೆಚ್ಚು ಮಾನವೀಯವಾಗಿದ್ದರು. ಮೆಕೇನ್ ಕೈಬಿಟ್ಟದ್ದು ಅದನ್ನೇ. ಹೆಸರಿನಿಂದ ದೂರ ಓಡುವ ಆತುರದಲ್ಲಿ ಉಳಿಸಿಕೊಳ್ಳಬೇಕಾದದ್ದೂ ಕೈಜಾರುತ್ತದೆ.

ನನ್ನ ತೀರ್ಮಾನ ಇಷ್ಟು. ‘ನಾನು ಬುಷ್ ಅಲ್ಲ’ ಎಂಬುದು ಚರ್ಚಾ ವೇದಿಕೆಯಲ್ಲಿ ಗೆದ್ದ ಮಾತು, ಉತ್ತರವಾಗಿ ಸೋತ ಮಾತು. ಸಾಲ್ಟ್ ಲೇಕ್ ಸಿಟಿಯ ಭಾಷಣ ಅಂಜುತ್ತಲೇ ಆಡಿದ ಮಾತಾದರೂ ಅದರಲ್ಲಿ ನೀತಿಯಿತ್ತು, ಆದ್ದರಿಂದ ಅದೇ ಮೇಲು. ಭಿನ್ನತೆ ನಿಜವೋ ಅಲ್ಲವೋ ಎಂದು ಪರೀಕ್ಷಿಸಲು ಮತದಾರರು ಮೂರನ್ನು ಕೇಳಬೇಕು. ಯಾವ ನೀತಿಯನ್ನು ಬದಲಿಸುತ್ತೀರಿ? ಯಾವ ಕಾನೂನು, ಯಾವ ಆದೇಶದಿಂದ? ಅದಕ್ಕಾಗಿ ನಿಮ್ಮದೇ ಪಕ್ಷದಲ್ಲಿ ಯಾರ ಮುನಿಸನ್ನು ಕಟ್ಟಿಕೊಳ್ಳಲು ಸಿದ್ಧರಿದ್ದೀರಿ? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಮೊದಲೆರಡನ್ನು ನಂಬಬೇಕಾಗಿಲ್ಲ.

2028ರ ನವೆಂಬರ್‌ನಲ್ಲಿ ಅಮೆರಿಕ ಮತ್ತೆ ಅಧ್ಯಕ್ಷರನ್ನು ಆರಿಸಲಿದೆ. ಎರಡು ಬಾರಿ ಆಯ್ಕೆಯಾಗಿರುವ ಡೊನಾಲ್ಡ್ ಟ್ರಂಪ್ ಅವರಿಗೆ 22ನೆಯ ತಿದ್ದುಪಡಿ ಅಡ್ಡ ನಿಲ್ಲುತ್ತದೆ. ಅವರ ಪಕ್ಷದಿಂದ ಯಾರೇ ಬಂದರೂ ಈ ಪ್ರಶ್ನೆ ಅವರ ಮುಂದೆ ಕಾದಿರುತ್ತದೆ. ಅಲ್ಲಿ ಪೌರತ್ವ ಪಡೆದು ಮತ ಹಾಕುವ ಕನ್ನಡಿಗರೂ ಅಂದು ಸರತಿಯಲ್ಲಿ ನಿಲ್ಲುತ್ತಾರೆ. ಅವರಲ್ಲಿ ನನ್ನ ಕೋರಿಕೆ: ಯಾವ ಪಕ್ಷಕ್ಕೆ ಒಲಿದವರಾದರೂ ಈ ಮೂರು ಪ್ರಶ್ನೆಗಳನ್ನು ಇಬ್ಬರೂ ಅಭ್ಯರ್ಥಿಗಳಿಗೆ ಕೇಳಿ, ಇಬ್ಬರ ಉತ್ತರವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಆಮೇಲೆ ಮತ ಹಾಕಿ.